ಕಥೆ ನಿಲ್ಲಿಸಿ ಹಾಡು ಹಾಡಿದ ಸಿನಿಮಾಗಳು: ಯುದ್ಧದ ನಂತರದ ಬ್ರಿಟನ್ನಿನ ಅಗ್ಗದ ಹಾಸ್ಯಚಿತ್ರಗಳ ಲೆಕ್ಕಾಚಾರ

ಇಟ್ಟಿಗೆ ಗೋಡೆಯೊಂದರ ಹಿಂದೆ ಒಬ್ಬ ಗೃಹಿಣಿ ನಿಂತಿದ್ದಾಳೆ. ಮೊಣಕೈ ಗೋಡೆಯ ಮೇಲಿದೆ. ಪಕ್ಕದ ಮನೆಯವಳ ಜೊತೆ ಮಾತು ನಡೆದಿದೆ, ಆದರೆ ಆ ಪಕ್ಕದ ಮನೆಯವಳು ನಮಗೆ ಕಾಣುವುದೇ ಇಲ್ಲ. ಯಾರದೋ ಕಾಯಿಲೆ, ಯಾರದೋ ಬಸಿರು, ಯಾರದೋ ಗಂಡನ ಕುಡಿತ. ಗುಟ್ಟಿನ ವಿಷಯ ಬಂದ ಕೂಡಲೇ ದನಿ ನಿಂತುಹೋಗುತ್ತದೆ. ತುಟಿ ಮಾತ್ರ ಅಗಲವಾಗಿ ಆಡುತ್ತಿರುತ್ತದೆ. ಅಷ್ಟರಲ್ಲಿ ಕಾಲು ಜಾರಿ ಎದೆ ಗೋಡೆಗೆ ಬಡಿಯುತ್ತದೆ, ಜನ ಬಿದ್ದು ಬಿದ್ದು ನಗುತ್ತಾರೆ. ಈ ಗೃಹಿಣಿ ಹೆಂಗಸಲ್ಲ. ಉತ್ತರ ಇಂಗ್ಲೆಂಡಿನ ಲ್ಯಾಂಕಷೈರಿನ ರೋಚ್‌ಡೇಲ್ ಊರಿನ ಹಾಸ್ಯನಟ ನಾರ್ಮನ್ ಇವಾನ್ಸ್.

ಆ ತುಟಿಯಾಟ ಸುಮ್ನೆ ಹುಟ್ಟಿದ್ದಲ್ಲ. ಲ್ಯಾಂಕಷೈರಿನ ಹತ್ತಿ ಗಿರಣಿಗಳಲ್ಲಿ ಮಗ್ಗಗಳ ಸದ್ದು ಎಷ್ಟಿತ್ತೆಂದರೆ, ಕಿವಿಯ ಹತ್ತಿರ ಬಂದು ಕೂಗಿದರೂ ಕೇಳುತ್ತಿರಲಿಲ್ಲ. ಹಾಗಾಗಿ ಅಲ್ಲಿನ ಹೆಂಗಸರು ತುಟಿ ನೋಡಿಯೇ ಮಾತು ತಿಳಿಯುವುದನ್ನು ಕಲಿತಿದ್ದರು. ಮನೆಗೆ ಬಂದ ಮೇಲೂ ಆ ಅಭ್ಯಾಸ ಹೋಗುತ್ತಿರಲಿಲ್ಲ. ಮಕ್ಕಳ ಮುಂದೆ ಗುಟ್ಟು ಹೇಳಲಿಕ್ಕಂತೂ ಬಹಳ ಅನುಕೂಲ ನೋಡಿ. ಇವಾನ್ಸ್ ವೇದಿಕೆಯ ಮೇಲೆ ತೋರಿಸುತ್ತಿದ್ದದ್ದು ಪ್ರೇಕ್ಷಕರ ಅಮ್ಮಂದಿರನ್ನು, ಅತ್ತೆಯಂದಿರನ್ನು. 1950ರಲ್ಲಿ ಆ ಐಟಂನ ಹೆಸರನ್ನೇ ಇಟ್ಟು ‘ಓವರ್ ದ ಗಾರ್ಡನ್ ವಾಲ್’ ಅಂತ ಒಂದು ಸಿನಿಮಾ ಬಂತು. ಮಾಡಿದ್ದು ಮ್ಯಾಂಚೆಸ್ಟರಿನ ಮ್ಯಾಂಕ್ಯೂನಿಯನ್ ಫಿಲ್ಮ್ಸ್.

ಎರಡನೇ ಮಹಾಯುದ್ಧ ಮುಗಿದ ಮೇಲಿನ ಹದಿನೈದು–ಇಪ್ಪತ್ತು ವರ್ಷ ಬ್ರಿಟನ್ನಿನಲ್ಲಿ ಇಂಥ ಸಿನಿಮಾಗಳು ಸಾಲಾಗಿ ಬಂದವು. ಹಾಸ್ಯ, ಹಾಡು, ಒಂದಿಷ್ಟು ಕುಣಿತ, ಕೈಯಲ್ಲಿ ಪುಡಿಗಾಸು. ಈಗ ನೋಡಲು ಕೂತರೆ ಮೊದಲು ತಾಳ್ಮೆ ಬೇಕು. ಕ್ಯಾಮೆರಾ ನಿಂತಲ್ಲೇ ನಿಂತಿರುತ್ತದೆ. ಕಥೆ ಅಂಗೈಯಗಲ. ಯಾವುದೋ ದೃಶ್ಯದ ನಡುವೆ ಒಬ್ಬ ಗಾಯಕ ಬಂದು, ಪೂರ್ತಿ ಹಾಡು ಹಾಡಿ, ಹೊರಟುಹೋಗುತ್ತಾನೆ. ಅವನು ಯಾರು, ಯಾಕೆ ಬಂದ ಅಂತ ಯಾರೂ ಕೇಳುವುದಿಲ್ಲ.

ಮಾಡಿದವರಿಗೆ ಸಿನಿಮಾ ಬರುತ್ತಿರಲಿಲ್ಲ ಅಂತ ಹೇಳಿ ಮುಗಿಸಿಬಿಡಬಹುದು. ಲಂಡನ್ನಿನ ವಿಮರ್ಶಕರು ಹೆಚ್ಚುಕಡಿಮೆ ಹಾಗೇ ಮಾಡಿದರು, ಎಷ್ಟೋ ಸಲ ಅಷ್ಟೂ ಹೇಳದೆ ಬಿಟ್ಟರು. ಸ್ವಲ್ಪ ಮಟ್ಟಿಗೆ ಅದು ನಿಜವೂ ಹೌದು. ಆದರೆ ದುಡ್ಡು ಎಲ್ಲಿಂದ ಬರುತ್ತಿತ್ತು, ಹೇಗೆ ವಾಪಸಾಗುತ್ತಿತ್ತು ಅಂತ ಗೊತ್ತಾದರೆ ಈ ಸಿನಿಮಾಗಳ ಒಂದೊಂದು ಕೊರತೆಗೂ ಕಾರಣ ಸಿಗುತ್ತದೆ. ನನ್ನ ಪ್ರಕಾರ ಇವುಗಳ ಅಸಲಿ ಚಿತ್ರಕಥೆ ಬರೆದವರು ಸಂಸತ್ತಿನಲ್ಲಿ ಕಾನೂನು ಮಾಡಿದವರು ಮತ್ತು ಆಫೀಸಿನಲ್ಲಿ ಲೆಕ್ಕ ಬರೆದವರು.

ಕಾನೂನು ತಂದ ಬೇಡಿಕೆ

ಕಥೆ ಯುದ್ಧಕ್ಕಿಂತ ಮೊದಲೇ ಶುರುವಾಗುತ್ತದೆ. 1920ರ ದಶಕದಲ್ಲಿ ಬ್ರಿಟನ್ನಿನ ಪರದೆಗಳ ಮೇಲೆ ಓಡುತ್ತಿದ್ದದ್ದು ಬಹುಪಾಲು ಹಾಲಿವುಡ್ ಸಿನಿಮಾ. ಅದಕ್ಕೆ ಸರ್ಕಾರ 1927ರಲ್ಲಿ ಒಂದು ಕಾನೂನು ತಂದಿತು. ಚಿತ್ರಮಂದಿರದವರು ಇಂತಿಷ್ಟು ಬ್ರಿಟಿಷ್ ಸಿನಿಮಾ ತೋರಿಸಲೇಬೇಕು, ವಿತರಕರು ಇಂತಿಷ್ಟು ಬ್ರಿಟಿಷ್ ಸಿನಿಮಾ ಇಟ್ಟುಕೊಂಡಿರಲೇಬೇಕು. ಈ ಪಾಲು ಚಿಕ್ಕದರಿಂದ ಶುರುವಾಗಿ 1930ರ ದಶಕದ ನಡುವೆ ಶೇ. 20ಕ್ಕೆ ಏರಿತು.

ಅಮೆರಿಕದ ವಿತರಣಾ ಕಂಪನಿಗಳಿಗೆ ಬೇಕಿದ್ದದ್ದು ಲೆಕ್ಕ ತುಂಬಿಸುವ ಸಿನಿಮಾ, ಅಷ್ಟೇ. ಒಂದು ಅಡಿ ರೀಲಿಗೆ ಸುಮಾರು ಒಂದು ಪೌಂಡ್ ಅನ್ನುವ ದರಕ್ಕೆ ಗುತ್ತಿಗೆ ಕೊಟ್ಟು ಮಾಡಿಸಿಕೊಂಡರು. ಜನ ಇವಕ್ಕೆ ‘ಕೋಟಾ ಕ್ವಿಕಿ’ ಅಂತ ಹೆಸರಿಟ್ಟರು, ಅಂದರೆ ಕಾನೂನಿನ ಪಾಲು (ಕೋಟಾ) ತುಂಬಿಸಲು ಅವಸರದಲ್ಲಿ ಮಾಡಿದ್ದು. ಇದು ಅತಿಯಾಗಿ, 1938ರಲ್ಲಿ ಕಾನೂನು ತಿದ್ದಿ ಕನಿಷ್ಠ ಇಷ್ಟಾದರೂ ಖರ್ಚು ಮಾಡಬೇಕು ಅಂತ ಸೇರಿಸಬೇಕಾಯಿತು. ಆದರೆ ಆ ಹೊತ್ತಿಗೆ ಕಡಿಮೆ ದುಡ್ಡಿನಲ್ಲಿ ಬೇಗ ಬೇಗ ಸಿನಿಮಾ ಮುಗಿಸುವ ತಂಡಗಳು ಪಳಗಿಬಿಟ್ಟಿದ್ದವು. ಮ್ಯಾಂಕ್ಯೂನಿಯನ್ನಿನ ಯಜಮಾನ ಜಾನ್ ಇ. ಬ್ಲೇಕ್ಲಿಯೇ 1934ರಲ್ಲಿ ಲಂಡನ್ನಿನಲ್ಲಿ ಗ್ಯಾರೇಜೊಂದರ ಮೇಲಿದ್ದ ಪುಟ್ಟ ಸ್ಟುಡಿಯೋದಲ್ಲಿ ‘ಬೂಟ್ಸ್! ಬೂಟ್ಸ್!’ ಮಾಡಿಸಿದ್ದ. ಖರ್ಚು 3,000 ಪೌಂಡ್ ಅಂತ ಹೇಳುತ್ತಾರೆ. ಅದರ ನಾಯಕ, ಪುಟ್ಟ ತಂತಿವಾದ್ಯ ಹಿಡಿದು ಪೋಲಿ ಹಾಡು ಹಾಡುತ್ತಿದ್ದ ಜಾರ್ಜ್ ಫಾರ್ಮ್‌ಬಿ, ಕೆಲವೇ ವರ್ಷಗಳಲ್ಲಿ ಬ್ರಿಟನ್ನಿನ ಅತಿ ದೊಡ್ಡ ತಾರೆಗಳಲ್ಲಿ ಒಬ್ಬನಾದ.

ಯುದ್ಧ ಮುಗಿದ ಮೇಲೆ ಜನ ಸಿನಿಮಾಕ್ಕೆ ಮುಗಿಬಿದ್ದರು. 1946ರಲ್ಲಿ ಬ್ರಿಟನ್ನಿನಲ್ಲಿ 163 ಕೋಟಿಗೂ ಹೆಚ್ಚು ಟಿಕೆಟ್ ಖರ್ಚಾದವು. ಐದು ಕೋಟಿ ಜನ ಇರುವ ದೇಶದಲ್ಲಿ! ಮಗು ಮುದುಕರನ್ನೆಲ್ಲ ಸೇರಿಸಿದರೂ ತಲೆಗೆ ವರ್ಷಕ್ಕೆ 30ಕ್ಕಿಂತ ಜಾಸ್ತಿ. ರೇಷನ್ ಕಾಲ ಅದು. ಸಕ್ಕರೆ, ಬಟ್ಟೆ, ಮಾಂಸ ಎಲ್ಲಕ್ಕೂ ಚೀಟಿ. ಚೀಟಿ ಇಲ್ಲದೆ ಸಿಗುತ್ತಿದ್ದ ಕೆಲವೇ ಸುಖಗಳಲ್ಲಿ ಸಿನಿಮಾ ಒಂದು.

ತೊಂದರೆ ಏನೆಂದರೆ ಆ ಟಿಕೆಟ್ ದುಡ್ಡಿನ ದೊಡ್ಡ ಪಾಲು ಡಾಲರ್ ಆಗಿ ಅಮೆರಿಕಕ್ಕೆ ಹೋಗುತ್ತಿತ್ತು. ಯುದ್ಧದಲ್ಲಿ ಬರಿದಾದ ಬ್ರಿಟನ್ನಿನ ಬಳಿ ಡಾಲರೇ ಇರಲಿಲ್ಲ. 1947ರ ಆಗಸ್ಟಿನಲ್ಲಿ ಹಣಕಾಸು ಮಂತ್ರಿ ಹ್ಯೂ ಡಾಲ್ಟನ್ ಅವರ ಇಲಾಖೆ ಹೊರಗಿನ ಸಿನಿಮಾಗಳ ಮೇಲೆ ಶೇ. 75ರಷ್ಟು ಸುಂಕ ಹಾಕಿತು. ಹಾಲಿವುಡ್ ತಕ್ಷಣ ತಿರುಗಿಬಿದ್ದು ಹೊಸ ಸಿನಿಮಾ ಕಳಿಸುವುದನ್ನೇ ನಿಲ್ಲಿಸಿತು. ಬ್ರಿಟಿಷ್ ನಿರ್ಮಾಪಕರು ಇದೇ ಸಮಯ ಅಂತ ಸಾಲ ಮಾಡಿ ಸಿನಿಮಾ ಮಾಡತೊಡಗಿದರು. 1948ರ ಮಾರ್ಚಿನಲ್ಲಿ ರಾಜಿಯಾಯಿತು. ಅಮೆರಿಕದ ಕಂಪನಿಗಳು ವರ್ಷಕ್ಕೆ 1 ಕೋಟಿ 70 ಲಕ್ಷ ಡಾಲರ್ ಮನೆಗೆ ಒಯ್ಯಬಹುದು, ಮಿಕ್ಕಿದ್ದು ಬಹುಪಾಲು ಬ್ರಿಟನ್ನಿನಲ್ಲೇ ಉಳಿಯಬೇಕು. ಕೂಡಿಟ್ಟಿದ್ದ ಹಾಲಿವುಡ್ ಸಿನಿಮಾಗಳೆಲ್ಲ ಒಟ್ಟಿಗೆ ನುಗ್ಗಿದವು. ದೊಡ್ಡ ಕನಸು ಕಂಡಿದ್ದ, ಬ್ರಿಟನ್ನಿನ ಅತಿ ದೊಡ್ಡ ಚಿತ್ರ ಕಂಪನಿಯಾದ ರ‍್ಯಾಂಕ್ ಸಂಸ್ಥೆಯ ತಲೆಯ ಮೇಲೆ 1949ರ ಹೊತ್ತಿಗೆ 1 ಕೋಟಿ 60 ಲಕ್ಷ ಪೌಂಡ್ ಬ್ಯಾಂಕ್ ಸಾಲ ಕೂತಿತ್ತು.

ಅದೇ 1948ರಲ್ಲಿ ಕೋಟಾ ಕೂಡ ಏರಿತು. ಮುಖ್ಯ ಚಿತ್ರಗಳಲ್ಲಿ ಶೇ. 45 ಬ್ರಿಟಿಷ್ ಇರಬೇಕು ಅಂತ. ಅಷ್ಟು ಸಿನಿಮಾ ಎಲ್ಲಿಂದ ಬರಬೇಕು? ಎರಡೇ ವರ್ಷದಲ್ಲಿ ಅದು ಶೇ. 30ಕ್ಕೆ ಇಳಿಯಿತು. ಆಗ ಒಂದು ಟಿಕೆಟ್ಟಿಗೆ ಎರಡು ಸಿನಿಮಾ ತೋರಿಸುವ ಪದ್ಧತಿ ಇತ್ತು, ಮುಖ್ಯ ಚಿತ್ರ ಒಂದು, ಜೊತೆ ಚಿತ್ರ ಒಂದು. ಜೊತೆಯ ಕಾರ್ಯಕ್ರಮಕ್ಕೂ ಬೇರೆ ಕೋಟಾ ಇತ್ತು, ಶೇ. 25. ಸಣ್ಣ ನಿರ್ಮಾಪಕರಿಗೆ ಬಾಗಿಲು ತೆರೆದದ್ದು ಇಲ್ಲಿ.

ಜೊತೆ ಚಿತ್ರದ ಬಾಡಿಗೆ ಲೆಕ್ಕವೇ ಬೇರೆ. ಮುಖ್ಯ ಚಿತ್ರಕ್ಕೆ ಗಲ್ಲಾಪೆಟ್ಟಿಗೆಯಲ್ಲಿ ಪಾಲು ಸಿಗುತ್ತಿತ್ತು. ಜೊತೆ ಚಿತ್ರಕ್ಕೆ ಸಾಮಾನ್ಯವಾಗಿ ಗೊತ್ತುಮಾಡಿದ ಒಂದೇ ಮೊತ್ತ. ಸಿನಿಮಾ ಚೆನ್ನಾಗಿದ್ದರೂ ಅಷ್ಟೇ, ಕೆಟ್ಟದಾಗಿದ್ದರೂ ಅಷ್ಟೇ. ಹೀಗಿದ್ದಾಗ ಇನ್ನೊಂದು ಸೆಟ್ ಹಾಕಿ, ಇನ್ನೆರಡು ದಿನ ಶೂಟಿಂಗ್ ಮಾಡಿ ಸಿನಿಮಾ ಚೆಂದ ಮಾಡಿದವನಿಗೆ ನಷ್ಟವೇ ಗ್ಯಾರಂಟಿ. ಖರ್ಚಿಗೆ ಮೇಲುಗಡೆ ಒಂದು ಗೆರೆ ಎಳೆದಾಗಿತ್ತು. ಆ ಗೆರೆಯ ಕೆಳಗೆ ಎಷ್ಟು ಇಳಿದರೆ ಅಷ್ಟು ಲಾಭ.

ಇದರ ಮೇಲೆ 1950ರಲ್ಲಿ ಇನ್ನೊಂದು ವ್ಯವಸ್ಥೆ ಬಂತು. ಖಜಾನೆಯ ಅಧಿಕಾರಿ ವಿಲ್ಫ್ರೆಡ್ ಈಡಿ ಅವರ ಹೆಸರಿನಿಂದ ಎಲ್ಲರೂ ಅದನ್ನು ಈಡಿ ಲೆವಿ ಅಂತಲೇ ಕರೆದರು. ಟಿಕೆಟ್ಟಿನ ಮೇಲೆ ಚಿಲ್ಲರೆ ಲೆಕ್ಕದ ಒಂದು ವಂತಿಗೆ. ಅದನ್ನು ಒಂದು ನಿಧಿಗೆ ಹಾಕಿ ಬ್ರಿಟಿಷ್ ಸಿನಿಮಾ ಮಾಡಿದವರಿಗೆ ಹಂಚುವುದು. ಹಂಚುವುದು ಹೇಗೆ? ಸಿನಿಮಾ ಎಷ್ಟು ಗಳಿಸಿತೋ ಆ ಪ್ರಮಾಣದಲ್ಲಿ. ಕಲೆ, ಗುಣಮಟ್ಟ, ಆಯ್ಕೆ ಸಮಿತಿ ಏನೂ ಇಲ್ಲ. ಅಂದರೆ ಹಾಲಿವುಡ್ ಸಿನಿಮಾ ನೋಡಲು ಹೋದವನ ಟಿಕೆಟ್ಟಿನಿಂದಲೂ ಮ್ಯಾಂಚೆಸ್ಟರಿನ ಗೋಡೆಯ ಮೇಲೆ ಹರಟುವ ಗೃಹಿಣಿಗೆ ಒಂದು ಚೂರು ಸೇರುತ್ತಿತ್ತು. ಮೊದಲು ಒಪ್ಪಂದದ ಮೇಲೆ ನಡೆದ ಈ ಲೆವಿ 1957ರಲ್ಲಿ ಕಾನೂನಾಯಿತು, 1985ರವರೆಗೆ ಇತ್ತು. ಲಕ್ಷಾಂತರ ಪೌಂಡ್ ಸುರಿದವರಿಗೆ ಇದು ಸಮಾಧಾನದ ದುಡ್ಡು. ಹದಿನೈದು–ಇಪ್ಪತ್ತು ಸಾವಿರದಲ್ಲಿ ಸಿನಿಮಾ ಮುಗಿಸುವವರಿಗೆ ಲಾಭ–ನಷ್ಟವನ್ನೇ ತೀರ್ಮಾನಿಸುವ ದುಡ್ಡು.

ಸಿದ್ಧ ಅಡುಗೆ

ಬೇಡಿಕೆ ಇದೆ, ದುಡ್ಡು ಕಡಿಮೆ. ಹಾಗಾದರೆ ಹಾಡು–ಹಾಸ್ಯವೇ ಯಾಕೆ? ಹಾಲಿವುಡ್ಡಿನ ಸಂಗೀತ ಚಿತ್ರ ಅಂದರೆ ನೂರಾರು ನೃತ್ಯಗಾರರು, ಬಣ್ಣ, ವಾರಗಟ್ಟಲೆ ತಾಲೀಮು. ಅದನ್ನು ಅನುಕರಿಸಲು ಹೋದ ರ‍್ಯಾಂಕ್ ಸಂಸ್ಥೆ 1946ರಲ್ಲಿ ಸರಿಯಾಗಿ ಪೆಟ್ಟು ತಿಂದಿತ್ತು. ಅಮೆರಿಕದಿಂದ ವೆಸ್ಲಿ ರಗಲ್ಸ್ ಎಂಬ ನಿರ್ದೇಶಕನನ್ನು ಕರೆಸಿ, ಟೆಕ್ನಿಕಲರ್‌ನಲ್ಲಿ, ಸುಮಾರು 10 ಲಕ್ಷ ಪೌಂಡ್ ಸುರಿದು ‘ಲಂಡನ್ ಟೌನ್’ ಮಾಡಿದರು. ನಾಯಕ ಸಿಡ್ ಫೀಲ್ಡ್ ನಿಜಕ್ಕೂ ದೊಡ್ಡ ಹಾಸ್ಯನಟ. ಸಿನಿಮಾ ಮಕಾಡೆ ಮಲಗಿತು. ತಮಾಷೆ ಅಂದರೆ ಈಗ ಆ ಸಿನಿಮಾದಲ್ಲಿ ನೋಡುವಂಥದ್ದು ಫೀಲ್ಡ್ ತನ್ನ ಹಳೆಯ ವೇದಿಕೆಯ ಐಟಂಗಳನ್ನು ಹಾಗ್ಹಾಗೇ ಮಾಡಿ ತೋರಿಸುವ ಭಾಗ ಮಾತ್ರ. ಅಷ್ಟಕ್ಕೆ ಹತ್ತು ಲಕ್ಷ ಬೇಕಿರಲಿಲ್ಲ.

ಅಗ್ಗದವರಿಗೆ ಈ ಗುಟ್ಟು ಮೊದಲೇ ಗೊತ್ತಿತ್ತು. ಬ್ರಿಟನ್ನಿನ ಊರೂರಿನಲ್ಲೂ ವೆರೈಟಿ ಥಿಯೇಟರ್ ಇತ್ತು. ಒಂದು ಸಂಜೆಯಲ್ಲಿ ಗಾಯಕ, ಜಾದೂಗಾರ, ಜೋಡಿ ಹಾಸ್ಯಗಾರರು, ಸೈಕಲ್ ಸರ್ಕಸ್ಸಿನವರು ಹೀಗೆ ಹತ್ತಾರು ಜನ ಬಂದು ತಮ್ಮ ತಮ್ಮ ಹತ್ತು–ಹದಿನೈದು ನಿಮಿಷದ ಐಟಂ ಮುಗಿಸಿ ಹೋಗುತ್ತಿದ್ದರು. ನಮ್ಮ ಕಂಪನಿ ನಾಟಕದಲ್ಲಿ ಕಥೆ ಒಂದು ಗಳಿಗೆ ಪಕ್ಕಕ್ಕೆ ಸರಿದು ಹಾಸ್ಯಗಾರನಿಗೆ ಜಾಗ ಬಿಡುತ್ತಿತ್ತಲ್ಲ, ಇಲ್ಲಿ ಕಥೆಯೇ ಇಲ್ಲದೆ ಪೂರ್ತಿ ಆಟ ಅಂಥ ಐಟಂಗಳದ್ದು. ವಾರಕ್ಕೊಂದು ಊರು. ಪ್ರೇಕ್ಷಕರು ಬೇರೆ ಬೇರೆ, ಹಾಗಾಗಿ ಒಂದೇ ಐಟಂ ವರ್ಷಗಟ್ಟಲೆ ನಡೆಯುತ್ತಿತ್ತು. ಸಾವಿರಾರು ಸಲ ಮಾಡಿ ಮಾಡಿ ಯಾವ ಕ್ಷಣಕ್ಕೆ ನಗು ಬರುತ್ತದೆ ಅಂತ ಅವರಿಗೆ ನಿದ್ದೆಯಲ್ಲೂ ಗೊತ್ತಿರುತ್ತಿತ್ತು.

ನಿರ್ಮಾಪಕನ ಕಣ್ಣಿನಿಂದ ನೋಡಿ. ಬರೆಸುವ ಖರ್ಚಿಲ್ಲ, ತಾಲೀಮಿನ ಖರ್ಚಿಲ್ಲ, ಉಡುಪು ಅವನದೇ. ಬ್ಲೇಕ್ಲಿಯ ಚಿತ್ರಕಥೆಗಳಲ್ಲಿ ಎಷ್ಟೋ ಕಡೆ ಸಂಭಾಷಣೆಯೇ ಇರುತ್ತಿರಲಿಲ್ಲ. ಇಲ್ಲಿ ಹಾಸ್ಯಗಾರ ತನ್ನ ‘ಬಿಸಿನೆಸ್’ ಮಾಡುತ್ತಾನೆ ಅನ್ನುವ ಒಂದು ಸಣ್ಣ ಗುರುತು ಮಾತ್ರ. ಕ್ಯಾಮೆರಾ ಓಡಲಿ, ಅವನು ಮಾಡಲಿ, ಮುಗಿದಾಗ ಮುಗಿಯಲಿ.

ಕ್ಯಾಮೆರಾ ಅಲುಗಾಡದ್ದು ಇದಕ್ಕೇ. ಸ್ಟುಡಿಯೋ ಬಾಡಿಗೆ ದಿನದ ಲೆಕ್ಕ. ಶೂಟಿಂಗಿನಲ್ಲಿ ಹೊತ್ತು ತಿನ್ನುವುದು ನಟನೆಯಲ್ಲ, ಲೈಟ್ ಜೋಡಿಸುವುದು. ಕ್ಯಾಮೆರಾ ಪ್ರತಿ ಸಲ ಜಾಗ ಬದಲಿಸಿದಾಗಲೂ ಲೈಟ್ ಎಲ್ಲ ಹೊಸದಾಗಿ ಜೋಡಿಸಬೇಕು. ಒಂದೇ ಕಡೆ ನಿಲ್ಲಿಸಿದರೆ ಒಂದೇ ಸಲ ಲೈಟ್. 35 ಎಂ.ಎಂ. ಫಿಲ್ಮಿನ 1,000 ಅಡಿ ಸುರುಳಿ ಸುಮಾರು 11 ನಿಮಿಷ ಓಡುತ್ತದೆ. ವೇದಿಕೆಯ ಒಂದು ಐಟಂ ಹೆಚ್ಚುಕಡಿಮೆ ಅದರಲ್ಲೇ ಹಿಡಿಸುತ್ತದೆ. ಜೊತೆಗೆ ಇನ್ನೊಂದು ವಿಷಯ ಇದೆ. ಹಾಸ್ಯಗಾರನ ಲಯ ಅವನ ಮೈಯಲ್ಲಿ ಇರುತ್ತದೆ. ಅದನ್ನು ತುಂಡು ತುಂಡು ಮಾಡಿ ಕತ್ತರಿಸಿ ಅಂಟಿಸಿದರೆ ನಗು ಸತ್ತುಹೋಗುತ್ತದೆ. ಹಾಗಾಗಿ ಜಿಪುಣತನದಿಂದ ಹುಟ್ಟಿದ ಉದ್ದದ ಶಾಟ್ ಎಷ್ಟೋ ಸಲ ಹಾಸ್ಯಗಾರನಿಗೆ ಒಳ್ಳೆಯದೇ ಮಾಡಿತು. ಆದರೆ ಐಟಂ ಚೆನ್ನಾಗಿಲ್ಲದಿದ್ದರೆ? ಅದೇ ಶಾಟ್ ಶಿಕ್ಷೆಯಾಗುತ್ತದೆ, ಎದ್ದು ಓಡೋಣ ಅನ್ನಿಸುತ್ತದೆ.

ಹಾಡಿನದೂ ಇದೇ ಕಥೆ. ಗಾಯಕ ನಿಂತು ಹಾಡಿದರೆ ಮೂರು ನಿಮಿಷ ಸಿನಿಮಾ ತುಂಬುತ್ತದೆ. ನಾಲ್ಕು ಹಾಡು ಹಾಕಿದರೆ ಹನ್ನೆರಡು ನಿಮಿಷ, ಒಂದು ಸೆಟ್ಟಿನಲ್ಲಿ, ಒಂದೇ ದಿನದ ಕೆಲಸ. ಮೇಲಿಂದ ಆ ಗಾಯಕನ ಹೆಸರು ಪೋಸ್ಟರಿಗೆ ಬರುತ್ತದೆ. ಐರ್ಲೆಂಡಿನ ಜೋಸೆಫ್ ಲಾಕ್ ಸಮುದ್ರ ತೀರದ ಊರಾದ ಬ್ಲ್ಯಾಕ್‌ಪೂಲಿನಲ್ಲಿ ಬೇಸಿಗೆಗೆ ಹಾಡಲು ನಿಂತರೆ ಹಾಲ್ ತುಂಬುತ್ತಿತ್ತು. ಬ್ಲೇಕ್ಲಿ ಅವನನ್ನು ತನ್ನ ಮೂರು ಸಿನಿಮಾಗಳಲ್ಲಿ ಹಾಡಿಸಿದ.

ಚರ್ಚಿನಲ್ಲಿ ಸ್ಟುಡಿಯೋ

ಮ್ಯಾಂಕ್ಯೂನಿಯನ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಇಂಥದ್ದು ಬ್ರಿಟನ್ನಿನಲ್ಲಿ ಇನ್ನೊಂದಿರಲಿಲ್ಲ. ಸ್ಟುಡಿಯೋಗಳೆಲ್ಲ ಲಂಡನ್ನಿನ ಸುತ್ತಮುತ್ತ. ಬ್ಲೇಕ್ಲಿಯ ನಟರು ಉತ್ತರದವರು, ಪ್ರೇಕ್ಷಕರೂ ಉತ್ತರದವರು, ಶೂಟಿಂಗಿಗೆ ಮಾತ್ರ ಎಲ್ಲರೂ ದಕ್ಷಿಣಕ್ಕೆ ಹೋಗಬೇಕು. 1947ರಲ್ಲಿ ಅವನು ಮ್ಯಾಂಚೆಸ್ಟರಿನ ರಶೋಮ್ ಬಡಾವಣೆಯ ಡಿಕನ್ಸನ್ ರಸ್ತೆಯಲ್ಲಿದ್ದ ಹಳೆಯ ಮೆಥಡಿಸ್ಟ್ ಚರ್ಚೊಂದನ್ನು ಹಿಡಿದು ಸ್ಟುಡಿಯೋ ಮಾಡಿಬಿಟ್ಟ. ಜನ ತಮಾಷೆಗೆ ‘ಜಾಲಿವುಡ್’ ಅಂದರು. ಅಲ್ಲಿ ತಯಾರಾದ ಮೊದಲ ಸಿನಿಮಾ ‘ಕಪ್-ಟೈ ಹನಿಮೂನ್’, 1948ರದು. ಹೆಸರೇ ಹೇಳುವ ಹಾಗೆ ಫುಟ್‌ಬಾಲ್ ಮತ್ತು ಮದುವೆ. ಮುಂದೆ ‘ಕಾರೊನೇಷನ್ ಸ್ಟ್ರೀಟ್’ ಧಾರಾವಾಹಿಯಿಂದ ಮನೆಮಾತಾದ ಪ್ಯಾಟ್ ಫೀನಿಕ್ಸ್ ಸಿನಿಮಾಕ್ಕೆ ಬಂದದ್ದು ಇದರಲ್ಲಿ.

ಈ ಕಂಪನಿಯ ದೊಡ್ಡ ತಾರೆ ಫ್ರಾಂಕ್ ರ‍್ಯಾಂಡಲ್. ವಿಗನ್ ಕಡೆಯವನು. ವೇದಿಕೆಯ ಮೇಲೆ ಹಲ್ಲಿಲ್ಲದ ಪೋಲಿ ಮುದುಕ. ತೇಗು, ಕುಡಿತ, ಎರಡರ್ಥದ ಮಾತು. ಸಿಟ್ಟು ಬಂದರೆ ಕಟ್ಟುಹಲ್ಲು ತೆಗೆದು ಪ್ರೇಕ್ಷಕರ ಕಡೆ ಎಸೆಯುತ್ತಿದ್ದ ಅನ್ನುವುದು ಅವನ ಬಗ್ಗೆ ಎಲ್ಲರೂ ಹೇಳುವ ಕಥೆ. ಬ್ಲ್ಯಾಕ್‌ಪೂಲ್ ಪೊಲೀಸರ ಜೊತೆ ಅವನಿಗೆ ವರ್ಷಾನುಗಟ್ಟಲೆ ಜಟಾಪಟಿ. ಲಂಡನ್ನಿನಲ್ಲಿ ಅವನನ್ನು ಕೇಳುವವರಿರಲಿಲ್ಲ, ಉತ್ತರದಲ್ಲಿ ಅವನು ದೇವರು. ಸಿನಿಮಾಗಳೂ ಹಾಗೇ. ಲ್ಯಾಂಕಷೈರ್, ಯಾರ್ಕ್‌ಷೈರ್ ಗಿರಣಿ ಊರುಗಳಲ್ಲೇ ಹಾಕಿದ ದುಡ್ಡು ವಾಪಸ್ ಬರುತ್ತಿತ್ತು. ಬೇರೆ ಕಡೆ ಓಡಿಸುವ ದರ್ದೇ ಇರಲಿಲ್ಲ.

ಸಿನಿಮಾದ ವಿಷಯಗಳೂ ಆ ಜನರ ಬದುಕಿನಿಂದಲೇ ಬಂದವು. 1948ರ ‘ಹಾಲಿಡೇಸ್ ವಿತ್ ಪೇ’ ನೋಡಿ. ಕೆಲಸಗಾರರಿಗೆ ಸಂಬಳದ ರಜೆ ಕೊಡುವ ಕಾನೂನು 1938ರಲ್ಲೇ ಬಂದಿತ್ತು, ಆದರೆ ಯುದ್ಧದಿಂದಾಗಿ ಎಷ್ಟೋ ಜನರಿಗೆ ಅದರ ರುಚಿ ಸಿಕ್ಕಿದ್ದು ಆಮೇಲೆಯೇ. ಗಿರಣಿಗೆ ಬೀಗ ಹಾಕುವ ಆ ಒಂದು ವಾರ ಇಡೀ ಊರೇ ಬ್ಲ್ಯಾಕ್‌ಪೂಲ್ ಸಮುದ್ರದ ಹತ್ತಿರ ಇರುತ್ತಿತ್ತು. ರ‍್ಯಾಂಡಲ್ ಮನೆಮಂದಿಯನ್ನು ಕಟ್ಟಿಕೊಂಡು ಅಲ್ಲಿಗೆ ಹೊರಡುವುದೇ ಕಥೆ. ಅಷ್ಟೇ ಸಾಕು. ದಾರಿಯಲ್ಲಿ ಏನು ಬೇಕಾದರೂ ತುರುಕಬಹುದು, ಅಲ್ವಾ?

1953ರ ‘ಇಟ್ಸ್ ಎ ಗ್ರ್ಯಾಂಡ್ ಲೈಫ್’ ಬ್ಲೇಕ್ಲಿಯ ಕೊನೆಯ ಸಿನಿಮಾ. ರ‍್ಯಾಂಡಲ್ ಜೊತೆ ಆಗ ತಾನೇ ಹೆಸರು ಮಾಡುತ್ತಿದ್ದ ಡಯಾನಾ ಡೋರ್ಸ್. ನಡುವೆ ಟ್ರಿನಿಡಾಡಿನಿಂದ ಬಂದು ಬ್ರಿಟನ್ನಿನಲ್ಲಿ ಹೆಸರಾದ ಪಿಯಾನೋ ವಾದಕಿ ವಿನಿಫ್ರೆಡ್ ಆಟ್ವೆಲ್ ತಾನೇ ತಾನಾಗಿ ಬಂದು ನುಡಿಸುತ್ತಾಳೆ. ಕಥೆಗೂ ಅದಕ್ಕೂ ಏನೇನೂ ಸಂಬಂಧವಿಲ್ಲ, ಆದರೆ ಸಿನಿಮಾದಲ್ಲಿ ನನಗೆ ಇಷ್ಟವಾಗುವುದು ಆ ಕೆಲವು ನಿಮಿಷವೇ. ಮರುವರ್ಷ ಸ್ಟುಡಿಯೋವನ್ನು ಬಿಬಿಸಿ ಕೊಂಡುಕೊಂಡಿತು. ಲಂಡನ್ನಿನ ಹೊರಗೆ ಬಿಬಿಸಿಯ ಮೊದಲ ಟಿ.ವಿ. ಸ್ಟುಡಿಯೋ ಅದೇ. 1964ರ ಜನವರಿ 1ರಂದು ‘ಟಾಪ್ ಆಫ್ ದ ಪಾಪ್ಸ್’ ಕಾರ್ಯಕ್ರಮದ ಮೊದಲ ಕಂತು ಆ ಹಳೆಯ ಚರ್ಚಿನಿಂದಲೇ ಪ್ರಸಾರವಾಯಿತು. 1975ರಲ್ಲಿ ಕಟ್ಟಡ ಕೆಡವಿದರು.

ನೆಪ ಹುಡುಕುವ ಕಲೆ

ದಕ್ಷಿಣದವರಿಗೆ ಒಂದು ಚಿಂತೆ ಇತ್ತು. ಹಾಡಿಗೆ ಒಂದು ನೆಪ ಬೇಕಲ್ಲ? ಇದನ್ನು ಎಲ್ಲರಿಗಿಂತ ಚೆನ್ನಾಗಿ ಬಿಡಿಸಿದ್ದು ವ್ಯಾಲ್ ಗೆಸ್ಟ್ ನಿರ್ದೇಶಿಸಿದ 1949ರ ‘ಮರ್ಡರ್ ಅಟ್ ದ ವಿಂಡ್‌ಮಿಲ್’. ವಿಂಡ್‌ಮಿಲ್ ಲಂಡನ್ನಿನ ನಿಜವಾದ ಥಿಯೇಟರ್. ಅಲ್ಲಿ ಬೆತ್ತಲೆ ಹುಡುಗಿಯರನ್ನು ನಿಲ್ಲಿಸುತ್ತಿದ್ದರು, ಆದರೆ ಅವರು ಅಲ್ಲಾಡುವ ಹಾಗಿರಲಿಲ್ಲ, ಅದು ಸೆನ್ಸಾರಿನ ಷರತ್ತು. ಮುಂದಿನ ಸಾಲು ಖಾಲಿಯಾದ ಕೂಡಲೇ ಹಿಂದಿನವರು ಕುರ್ಚಿ ಹಾರಿಕೊಂಡು ಬರುತ್ತಿದ್ದದ್ದು ಜಗಜ್ಜಾಹೀರು. ಈ ಹುಡುಗಿಯರ ನಡುವಿನ ಬಿಡುವಿನಲ್ಲಿ ಹಾಸ್ಯಗಾರರು. ಅವರ ಜೋಕು ಕೇಳಲು ಯಾರೂ ಬಂದಿರುತ್ತಿರಲಿಲ್ಲ ಪಾಪ. ಸೈನ್ಯದ ಮನರಂಜನಾ ತಂಡಗಳಿಂದ ಹೊರಬಂದ ಹೊಸ ಹುಡುಗರು, ಪೀಟರ್ ಸೆಲರ್ಸ್, ಹ್ಯಾರಿ ಸೀಕೊಂಬ್, ಜಿಮ್ಮಿ ಎಡ್ವರ್ಡ್ಸ್ ಎಲ್ಲ ಪಳಗಿದ್ದು ಅಲ್ಲಿ.

ಸಿನಿಮಾದ ಕಥೆ ಏನೆಂದರೆ, ಆಟ ನಡೆಯುವಾಗ ಮುಂದಿನ ಸಾಲಿನಲ್ಲಿ ಕೂತಿದ್ದವನು ಗುಂಡೇಟಿಗೆ ಸತ್ತಿದ್ದಾನೆ. ಗುಂಡು ವೇದಿಕೆಯಿಂದ ಬಂದದ್ದು. ಯಾವ ಐಟಂ ನಡೆಯುವಾಗ ಬಂತು? ಪೊಲೀಸರು ಇಡೀ ಆಟವನ್ನು ಮೊದಲಿಂದ ಮತ್ತೆ ಆಡಿಸುತ್ತಾರೆ. ಮುಗಿಯಿತು ನೋಡಿ. ಪ್ರತಿ ಹಾಡೂ ಈಗ ಸಾಕ್ಷ್ಯ. ಪ್ರೇಕ್ಷಕ ಹಾಡು ಯಾಕೆ ಬಂತು ಅಂತ ಕೇಳುವ ಹಾಗೇ ಇಲ್ಲ. ಒಂದೇ ಥಿಯೇಟರ್, ಒಂದೇ ರಾತ್ರಿ. ಪುಡಿಗಾಸಿನ ಸಿನಿಮಾದಲ್ಲಿ ಇಂಥ ಜಾಣ ಉಪಾಯ ನಾನು ಇನ್ನೊಂದು ಕಂಡಿಲ್ಲ.

ಬೇರೆಯವರು ಅಷ್ಟು ತಲೆ ಕೆಡಿಸಿಕೊಳ್ಳಲಿಲ್ಲ. ಸೈನ್ಯದ ಶಿಬಿರ, ಸಮುದ್ರದ ಬದಿಯ ಊಟ–ವಸತಿ ಮನೆ, ಶಾಲೆ, ನೈಟ್ ಕ್ಲಬ್. ಎಲ್ಲ ಕಡೆಯೂ ಕೊನೆಗೆ ಒಂದು ಮನರಂಜನಾ ಕಾರ್ಯಕ್ರಮ ಏರ್ಪಾಡಾಗುತ್ತದೆ. ಒಂದೇ ಮನೆಯವರು ನಡೆಸುತ್ತಿದ್ದ ಅಡೆಲ್ಫಿ ಎಂಬ ಕಂಪನಿ 1951ರಲ್ಲಿ ‘ಪೆನ್ನಿ ಪಾಯಿಂಟ್ಸ್ ಟು ಪ್ಯಾರಡೈಸ್’ ಬಿಡುಗಡೆ ಮಾಡಿತು. ಬ್ರೈಟನ್ನಿನಲ್ಲಿ ಶೂಟಿಂಗ್. ಫುಟ್‌ಬಾಲ್ ಪಂದ್ಯಗಳ ಬಾಜಿಯಲ್ಲಿ ದೊಡ್ಡ ಮೊತ್ತ ಗೆದ್ದ ಹುಡುಗ ಹಳೆಯ ವಸತಿ ಮನೆಗೇ ರಜೆಗೆ ಬರುತ್ತಾನೆ, ಅವನ ದುಡ್ಡಿಗೆ ಎಲ್ಲರೂ ಗಾಳ ಹಾಕುತ್ತಾರೆ. ನಟಿಸಿದವರು ಸೀಕೊಂಬ್, ಸೆಲರ್ಸ್, ಸ್ಪೈಕ್ ಮಿಲಿಗನ್. ಅದೇ ವರ್ಷ ಮೇ ತಿಂಗಳಲ್ಲಿ ಅವರ ರೇಡಿಯೋ ಕಾರ್ಯಕ್ರಮ ಶುರುವಾಯಿತು, ಮುಂದೆ ‘ದ ಗೂನ್ ಶೋ’ ಅಂತ ಇಡೀ ಬ್ರಿಟನ್ನಿನ ಹಾಸ್ಯದ ದಿಕ್ಕೇ ಬದಲಾಯಿಸಿದ್ದು. ಸಿನಿಮಾ ಅಂಥ ಚೆನ್ನಾಗೇನಿಲ್ಲ, ನಿಜ ಹೇಳಬೇಕಲ್ಲ. ಆದರೆ ಅದು ಮುಗಿದ ಮೇಲೆ ಸ್ಟುಡಿಯೋ ಸಮಯ ಸ್ವಲ್ಪ ಉಳಿದಿತ್ತು. ಅದನ್ನು ಹಾಳು ಮಾಡುವುದುಂಟೇ? ‘ಲೆಟ್ಸ್ ಗೋ ಕ್ರೇಜಿ’ ಅಂತ ಅರ್ಧ ಗಂಟೆಯ ಇನ್ನೊಂದು ಚಿತ್ರ ಮಾಡಿದರು. ರೆಸ್ಟೋರೆಂಟಿನ ಒಂದು ಸೆಟ್, ಒಂದಾದ ಮೇಲೊಂದು ಸಂಗೀತದ ಐಟಂ, ನಡುನಡುವೆ ಸೆಲರ್ಸ್ ವೇಷ ಬದಲಿಸಿ ಬದಲಿಸಿ ಬರುತ್ತಾನೆ. ಉಳಿದ ಅನ್ನದ ಚಿತ್ರಾನ್ನ ಮೂಲ ಊಟಕ್ಕಿಂತ ರುಚಿಯಾಗಿದೆ.

ಓಲ್ಡ್ ಮದರ್ ರೈಲಿ ಸರಣಿ ಇದೇ ಕಾಲದಲ್ಲಿ ಕೊನೆಯುಸಿರೆಳೆಯುತ್ತಿತ್ತು. ಆರ್ಥರ್ ಲೂಕನ್ ಐರಿಷ್ ಬಟ್ಟೆ ಒಗೆಯುವ ಮುದುಕಿ, ಅವನ ಹೆಂಡತಿ ಕಿಟ್ಟಿ ಮೆಕ್‌ಶೇನ್ ಆ ಮುದುಕಿಯ ಮಗಳು. 1937ರಿಂದ ಸಿನಿಮಾ ಮೇಲೆ ಸಿನಿಮಾ. ಗಂಡ ಹೆಂಡತಿ ದೂರವಾದರು. 1952ರ ಕೊನೆಯ ಸಿನಿಮಾದಲ್ಲಿ ಕಿಟ್ಟಿ ಇಲ್ಲ, ಬದಲಿಗೆ ಡ್ರಾಕುಲಾ ಪಾತ್ರದಿಂದ ಹೆಸರಾದ ಬೇಲಾ ಲುಗೋಸಿ. ಬ್ರಿಟನ್ನಿಗೆ ನಾಟಕದ ಪ್ರವಾಸಕ್ಕೆ ಬಂದಿದ್ದವನು ಇದಕ್ಕೂ ಒಪ್ಪಿಕೊಂಡ. ಮುದುಕಿಯೂ ರಕ್ತಪಿಶಾಚಿಯೂ ಒಂದೇ ಫ್ರೇಮಿನಲ್ಲಿ! ಲೂಕನ್ 1954ರಲ್ಲಿ ಹಲ್ ಊರಿನ ಥಿಯೇಟರಿನಲ್ಲಿ ವೇದಿಕೆಗೆ ಹೋಗಲು ಪರದೆಯ ಪಕ್ಕ ನಿಂತಿದ್ದಾಗ ಕುಸಿದು ಸತ್ತ.

ಪೂರೈಕೆ ಬದಲಾಯಿತು

1950ರ ದಶಕದಲ್ಲಿ ವೆರೈಟಿ ಥಿಯೇಟರುಗಳು ಒಂದೊಂದಾಗಿ ಮುಚ್ಚತೊಡಗಿದವು. 1955ರಲ್ಲಿ ಜಾಹೀರಾತಿನಿಂದ ನಡೆಯುವ ಐಟಿವಿ ಎಂಬ ಟಿ.ವಿ. ವಾಹಿನಿ ಶುರುವಾಯಿತು, ಹಾಸ್ಯಗಾರರನ್ನು ಟಿ.ವಿ. ನುಂಗಿತು. ವರ್ಷಗಟ್ಟಲೆ ನಡೆಯುತ್ತಿದ್ದ ಐಟಂ ಒಂದೇ ರಾತ್ರಿಯಲ್ಲಿ ಇಡೀ ದೇಶಕ್ಕೆ ಗೊತ್ತಾಗಿ ಹಳಸಿಬಿಡುತ್ತಿತ್ತು. ಸಿನಿಮಾ ಟಿಕೆಟ್ಟುಗಳೂ 1960ರ ಹೊತ್ತಿಗೆ ಸುಮಾರು 50 ಕೋಟಿಗೆ ಇಳಿದವು. ಹದಿನಾಲ್ಕು ವರ್ಷದಲ್ಲಿ ಮೂರನೇ ಒಂದಕ್ಕಿಂತ ಕಡಿಮೆ.

ಅಗ್ಗದ ಸಿನಿಮಾ ಮಾತ್ರ ಸಾಯಲಿಲ್ಲ. ಬೇರೆ ಕಡೆಯಿಂದ ಸಿದ್ಧ ಐಟಂ ಸಿಕ್ಕಿತು. 1956ರಲ್ಲಿ ಅಮೆರಿಕದ ‘ರಾಕ್ ಅರೌಂಡ್ ದ ಕ್ಲಾಕ್’ ಬಂದಾಗ ಬ್ರಿಟನ್ನಿನ ಹುಡುಗರು ಚಿತ್ರಮಂದಿರದ ಸಾಲುಗಳ ನಡುವೆ ಕುಣಿದು ಸೀಟು ಹರಿದರು. ಅದು ಕೂಡ ಅಗ್ಗದ ಸಿನಿಮಾನೇ. ಆ್ಯಂಗ್ಲೋ-ಅಮಾಲ್ಗಮೇಟೆಡ್ ಕಂಪನಿಯ ನ್ಯಾಟ್ ಕೋಹೆನ್ ಮತ್ತು ಸ್ಟುವರ್ಟ್ ಲೆವಿಗೆ ತಕ್ಷಣ ವಾಸನೆ ಬಡಿಯಿತು. 1957ರಲ್ಲಿ ‘ದ ಟಾಮಿ ಸ್ಟೀಲ್ ಸ್ಟೋರಿ’. ರಾಕ್ ಗಾಯಕ ಸ್ಟೀಲ್‌ಗೆ ಆಗ ಇಪ್ಪತ್ತು ವರ್ಷ. ಇಪ್ಪತ್ತು ವರ್ಷದವನ ಜೀವನಚರಿತ್ರೆಯಲ್ಲಿ ಏನಿರಬೇಕು? ಹಾಡು ತುಂಬಿದರು. ಆ ಹಾಡುಗಳ ಎಲ್‌ಪಿ ಬ್ರಿಟನ್ನಿನ ಆಲ್ಬಂ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಸಿನಿಮಾ ರೆಕಾರ್ಡಿಗೆ ಜಾಹೀರಾತು, ರೆಕಾರ್ಡು ಸಿನಿಮಾಕ್ಕೆ ಜಾಹೀರಾತು. ಬ್ಲೇಕ್ಲಿಗೆ ವೆರೈಟಿ ಥಿಯೇಟರ್ ಮಾಡಿಕೊಡುತ್ತಿದ್ದ ಕೆಲಸವನ್ನು ಈಗ ರೆಕಾರ್ಡ್ ಕಂಪನಿ ಮಾಡಿಕೊಡುತ್ತಿತ್ತು.

ಆ ಸಿನಿಮಾದ ಬರಹಗಾರ ನಾರ್ಮನ್ ಹ್ಯೂಡಿಸ್. ಸ್ಟೀಲ್‌ನ ಮುಂದಿನ ‘ದ ಡ್ಯೂಕ್ ವೋರ್ ಜೀನ್ಸ್’ ಕೂಡ ಅವನದೇ. ಅದರ ನಿರ್ಮಾಪಕ ಪೀಟರ್ ರಾಜರ್ಸ್, ನಿರ್ದೇಶಕ ಜೆರಾಲ್ಡ್ ಥಾಮಸ್. ಇದೇ ಮೂವರು ಇದೇ ಕಂಪನಿಗೆ 1958ರಲ್ಲಿ ‘ಕ್ಯಾರಿ ಆನ್ ಸಾರ್ಜೆಂಟ್’ ಮಾಡಿದರು. ಮುಂದಿನ ಎರಡು ದಶಕ ಬ್ರಿಟನ್ ನಕ್ಕ ಕ್ಯಾರಿ ಆನ್ ಸರಣಿ ಹುಟ್ಟಿದ್ದು ಹೀಗೆ. ಅಷ್ಟರಲ್ಲಿ ಬಿಬಿಸಿಯ ಪಾಪ್ ಕಾರ್ಯಕ್ರಮ ‘ಸಿಕ್ಸ್-ಫೈವ್ ಸ್ಪೆಷಲ್’ ಕೂಡ ಸಿನಿಮಾ ಆಯಿತು. ಲಂಡನ್ನಿಗೆ ಹೊರಟ ರೈಲಿನ ತುಂಬ ಗಾಯಕರೇ ಇರುತ್ತಾರೆ. ನೆಪ ಇನ್ನೂ ಅಷ್ಟೇ ಬಡಕಲು. ವ್ಯಾಲ್ ಗೆಸ್ಟ್ 1959ರಲ್ಲಿ ‘ಎಕ್ಸ್‌ಪ್ರೆಸ್ಸೊ ಬೊಂಗೊ’ದಲ್ಲಿ ಈ ದಂಧೆಯನ್ನೇ ಅಣಕಿಸಿದ. ಹುಡುಗ ಗಾಯಕನನ್ನು ಹಿಂಡಿ ದುಡ್ಡು ಮಾಡುವ ಮ್ಯಾನೇಜರನ ಕಥೆ. ಹುಡುಗನಾಗಿ ಪಾಪ್ ಗಾಯಕ ಕ್ಲಿಫ್ ರಿಚರ್ಡ್.

ನಿರ್ದೇಶಕ ರಿಚರ್ಡ್ ಲೆಸ್ಟರ್ ಬಂದದ್ದು ಇದೇ ಬಾಗಿಲಿನಿಂದ. ಸೆಲರ್ಸ್, ಮಿಲಿಗನ್ ಜೊತೆ ಸೇರಿ ಒಂದು ಹೊಲದಲ್ಲಿ ಸುಮಾರು 70 ಪೌಂಡಿಗೆ 11 ನಿಮಿಷದ ಒಂದು ಹುಚ್ಚಾಟದ ಚಿತ್ರ ಮಾಡಿದ್ದ, ಅದಕ್ಕೆ ಆಸ್ಕರ್ ನಾಮನಿರ್ದೇಶನ ಸಿಕ್ಕಿತ್ತು. 1962ರಲ್ಲಿ ‘ಇಟ್ಸ್ ಟ್ರ್ಯಾಡ್, ಡ್ಯಾಡ್!’ ಎಂಬ ಪಾಪ್ ಸಿನಿಮಾವನ್ನು ಮೂರು ವಾರದಲ್ಲಿ ಶೂಟ್ ಮಾಡಿದ. ಕಥೆ ಹಳೆಯದೇ, ಊರಿನ ಹಿರಿಯರು ಹುಡುಗರ ಸಂಗೀತ ನಿಲ್ಲಿಸಲು ನೋಡುತ್ತಾರೆ, ಹುಡುಗರು ಕಾರ್ಯಕ್ರಮ ಏರ್ಪಡಿಸುತ್ತಾರೆ. ಆದರೆ ಟಿ.ವಿ. ಜಾಹೀರಾತಿನಲ್ಲಿ ಪಳಗಿದ ಲೆಸ್ಟರ್ ಒಂದೇ ಹಾಡಿಗೆ ಹಲವು ಕ್ಯಾಮೆರಾ ಇಟ್ಟ. ನಿಂತು ಹಾಡುವ ಗಾಯಕ ಈಗ ತುಂಡು ತುಂಡಾಗಿ, ಓರೆಯಾಗಿ, ಹತ್ತಿರದಿಂದ, ತಾಳಕ್ಕೆ ತಕ್ಕಂತೆ ಕಾಣತೊಡಗಿದ.

ಬೀಟಲ್ಸ್‌ಗೆ ಅವನ ಹೊಲದ ಚಿತ್ರ ಬಹಳ ಇಷ್ಟ. ಯುನೈಟೆಡ್ ಆರ್ಟಿಸ್ಟ್ಸ್ ಕಂಪನಿಗೆ ಬೀಟಲ್ಸ್ ಸಿನಿಮಾಕ್ಕಿಂತ ಅದರ ಹಾಡುಗಳ ಆಲ್ಬಂ ಬೇಕಿತ್ತು. ಹೀಗೆ 1964ರ ‘ಎ ಹಾರ್ಡ್ ಡೇಸ್ ನೈಟ್’ ತಯಾರಾಯಿತು. ಕಪ್ಪು–ಬಿಳುಪು, ಕಡಿಮೆ ಬಜೆಟ್, ಬೇಗ ಶೂಟಿಂಗ್, ಬೇಗ ಬಿಡುಗಡೆ. ಜಗತ್ತು ಅದನ್ನು ಹೊಸ ಅಲೆ ಅಂತ ಹೊಗಳಿತು, ಹೊಗಳಿಕೆಗೆ ಅದು ತಕ್ಕದ್ದೇ. ಆದರೆ ಕಥೆಯನ್ನು ಬಿಚ್ಚಿ ನೋಡಿ. ರೈಲು, ಒಬ್ಬ ಕಿತಾಪತಿ ಮುದುಕ, ಕೊನೆಗೆ ಒಂದು ಮನರಂಜನಾ ಕಾರ್ಯಕ್ರಮ.

ಈ ಹಳೆಯ ಸಿನಿಮಾಗಳಲ್ಲಿ ಎಷ್ಟೋ ಈಗ ಪೂರ್ತಿ ಸಿಗುವುದಿಲ್ಲ. ಮರುಬಿಡುಗಡೆಗೆ ಕತ್ತರಿಸಿದ ಪ್ರತಿಗಳಷ್ಟೇ ಉಳಿದಿವೆ. ‘ಪೆನ್ನಿ ಪಾಯಿಂಟ್ಸ್’ ಅನ್ನು ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಸರಿಪಡಿಸಿ 2009ರಲ್ಲಿ ಡಿವಿಡಿ ತಂದಿತು. 2015ರಲ್ಲಿ ಶುರುವಾದ ಟಾಕಿಂಗ್ ಪಿಕ್ಚರ್ಸ್ ಟಿ.ವಿ. ಎಂಬ ಚಾನೆಲ್ ಬ್ರಿಟನ್ನಿನಲ್ಲಿ ಇಂಥ ಹಳೆಯ ಚಿತ್ರಗಳನ್ನೇ ನೆಚ್ಚಿಕೊಂಡು ನಡೆಯುತ್ತಿದೆ, ನೋಡುಗರೂ ಚೆನ್ನಾಗಿಯೇ ಇದ್ದಾರೆ. ಹೊಸದಾಗಿ ನೋಡುವವರು ರ‍್ಯಾಂಡಲ್‌ನಿಂದ ಶುರು ಮಾಡಬೇಡಿ, ಲ್ಯಾಂಕಷೈರಿನ ಇಂಗ್ಲಿಷ್ ಕಿವಿಗೆ ಹತ್ತಲು ಹೊತ್ತು ಬೇಕು. ಮೊದಲು ವಿಂಡ್‌ಮಿಲ್ ಕೊಲೆ, ಆಮೇಲೆ ‘ಲೆಟ್ಸ್ ಗೋ ಕ್ರೇಜಿ’. ಅಷ್ಟು ರುಚಿಸಿದರೆ ರ‍್ಯಾಂಡಲ್ ಕಡೆ ಹೋಗಬಹುದು. ಕಥೆ ಬೋರಾದ ಕಡೆ ಮುಂದಕ್ಕೆ ಓಡಿಸಿ, ಪರವಾಗಿಲ್ಲ. ಐಟಂ ಬಂದಾಗ ಮಾತ್ರ ನಿಲ್ಲಿಸಿ ನೋಡಿ.